ಅರವತ್ತಕ್ಕೆ ಅರಳುಮರಳು ಅನ್ನುವ ಮೊದಲು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ. ಅಂದು ಬರಲಾಗದ ಸದಸ್ಯರಿಗೂ ವಿದ್ಯಾರ್ಥಿಗಳಿಗೂ ತಲುಪಲೆಂದು ಇಲ್ಲಿ ಕೊಡಲಾಗಿದೆ.)



ನಾನು ಡಾಕ್ಟರಲ್ಲ. ದುಂಡಸಿಯಲ್ಲಿ ಹುಟ್ಟಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಒಬ್ಬ ಮಾಸ್ತರ. ಕಾರ್ಯದರ್ಶಿಗಳು ಮನೆಗೆ ಬಂದು, “ದಾನದ ಬಗ್ಗೆ ನಾಕು ಮಾತು ಹೇಳ್ರಿ ಸರ್” ಅಂದರು. ದಾನದ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದ್ದರಿಂದ ನಮ್ಮಲ್ಲಿ ಯಾರೂ ಅಷ್ಟಾಗಿ ಮಾತಾಡದ ಒಂದು ಬಗೆಯ ದಾನವನ್ನು ಆರಿಸಿಕೊಂಡಿದ್ದೇನೆ. ರೋಗಿಯ ಕೈಗೆ ಕೊಡುವ ದಾನ ನಮಗೆ ಗೊತ್ತು. ರೋಗ ಏಕೆ ಬರುತ್ತದೆಂದು ಹುಡುಕುವವರಿಗೆ ಕೊಡುವ ದಾನ, ಅದರಲ್ಲೂ ಮೆದುಳಿನ ರೋಗದ ಸಂಶೋಧನೆಗೆ ಕೊಡುವ ದಾನ, ಇಂದಿನ ವಿಷಯ.

ಈ ವಿಷಯ ನನ್ನ ತಲೆಗೆ ಬಂದದ್ದು ಪುಸ್ತಕದಿಂದಲ್ಲ, ನನ್ನ ತಾಯಿಯಿಂದ.

ಅಮ್ಮಾ ಎಪ್ಪತ್ತರ ಹತ್ತಿರ ಬಂದಾಗ ಮೊದಲು ಸಾರಿಗೆ ಉಪ್ಪು ಎರಡು ಸಲ ಹಾಕತೊಡಗಿದರು. ನಾವು ನಕ್ಕೆವು. ಆಮೇಲೆ ಅಸರ್ ನಮಾಜು ಮುಗಿಸಿ ಹತ್ತು ನಿಮಿಷಕ್ಕೆ ಮತ್ತೆ ವುಜೂ ಮಾಡಿ ಅದೇ ನಮಾಜಿಗೆ ನಿಲ್ಲುತ್ತಿದ್ದರು. ಆಗಲೂ ‘ವಯಸ್ಸಾಯ್ತು’ ಅಂದುಕೊಂಡೆವು. ಒಂದು ಸಂಜೆ ಮನೆ ಬಿಟ್ಟು ಹೋದವರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಸವಣೂರಿನ ತವರುಮನೆಗೆ ಹೊರಟಿದ್ದರಂತೆ. ಆ ತವರುಮನೆ ಬಿದ್ದುಹೋಗಿ ಎಷ್ಟೋ ವರ್ಷವಾಗಿತ್ತು. ನನ್ನನ್ನು ನೋಡಿ “ಭಾಯಿ, ಆಗಯೇ?” ಅಂದರು. ತಮ್ಮ ತೀರಿಹೋದ ಅಣ್ಣ ಎಂದು ತಿಳಿದಿದ್ದರು.

ಪಟ್ಟಣದ ಒಬ್ಬ ಡಾಕ್ಟರಿಗೆ ತೋರಿಸಿದೆ. ನಾಡಿ ಹಿಡಿದು, ಬಿಪಿ ನೋಡಿ, “ಮಾಸ್ತರ್ರ, ಅರವತ್ತಕ್ಕೆ ಅರಳುಮರಳು ಅಂತ ಹಿರ್ಯಾರು ಸುಮ್ನ ಹೇಳಿಲ್ಲ” ಅಂದು ಟಾನಿಕ್ ಬರೆದುಕೊಟ್ಟರು. ವಿಜ್ಞಾನ ಕಲಿಸುವ ನಾನೂ ಒಪ್ಪಿಕೊಂಡು ಮನೆಗೆ ಬಂದೆ. ಡಾಕ್ಟರರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮೇಲೆ ಸ್ವಲ್ಪ ಇದೆ. ಕೊನೆಯ ವರ್ಷದಲ್ಲಿ ಅಮ್ಮಾ ಕನ್ನಡವನ್ನೇ ಬಿಟ್ಟುಬಿಟ್ಟರು, ಉರ್ದು ಮಾತ್ರ ಉಳಿಯಿತು. ಪಕ್ಕದ ಮನೆಯ ಅವ್ವ, ನಲವತ್ತು ವರ್ಷ ಅಮ್ಮಾನ ಜೊತೆ ಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ ಸುಖದುಃಖ ಹೇಳಿಕೊಂಡವರು, ಕೈ ಹಿಡಿದುಕೊಂಡು ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು.

ಇದಕ್ಕೆ ಡಿಮೆನ್ಶಿಯಾ ಎಂದು ಹೆಸರು. ಅದರಲ್ಲಿ ಹಲವು ಬಗೆಗಳಿವೆ, ಹೆಚ್ಚಾಗಿ ಕಾಣುವುದು ಅಲ್ಝೈಮರ್. 1906ರಲ್ಲಿ ಜರ್ಮನಿಯ ಡಾಕ್ಟರ್ ಅಲೋಯಿಸ್ ಅಲ್ಝೈಮರ್, ತೀರಿಹೋದ ಒಬ್ಬ ಹೆಂಗಸಿನ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಗಂಟುಗಳನ್ನೂ ಜಿಡ್ಡುಕಲೆಗಳನ್ನೂ ಮೊದಲು ವಿವರಿಸಿದರು. ಅಂದರೆ ಇದು ರೋಗ. ವಯಸ್ಸಾದವರಲ್ಲಿ ಹೆಚ್ಚು ಬರುತ್ತದೆ, ಆದರೆ ವಯಸ್ಸಾದದ್ದೇ ರೋಗವಲ್ಲ. ನಮ್ಮೂರಲ್ಲೇ ತೊಂಬತ್ತು ದಾಟಿದರೂ ಯಾರ ಹೊಲದ ಬದು ಎಲ್ಲಿ ತಿರುಗುತ್ತದೆಂದು ಕರಾರುವಾಕ್ಕಾಗಿ ಹೇಳುವ ಅಜ್ಜಂದಿರಿದ್ದಾರೆ. 2023ರಲ್ಲಿ ಪ್ರಕಟವಾದ ಒಂದು ರಾಷ್ಟ್ರೀಯ ಅಧ್ಯಯನ, ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4 ಜನರಿಗೆ, ಸುಮಾರು 88 ಲಕ್ಷ ಜನರಿಗೆ, ಡಿಮೆನ್ಶಿಯಾ ಇದೆ ಎಂದು ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಹಳ್ಳಿಯ ಹೆಂಗಸು ಅಂದರೆ ಯಾರು? ನಮ್ಮ ಅಮ್ಮಂದಿರು.

ಇನ್ನು ದಾನದ ಮಾತಿಗೆ ಬರುತ್ತೇನೆ.

ಕೋಲಾರ ಜಿಲ್ಲೆಯಲ್ಲಿ ಶ್ರೀನಿವಾಸಪುರ ಎಂಬ ತಾಲ್ಲೂಕು ಇದೆ. ಮಾವಿನ ಹಣ್ಣಿಗೆ ಹೆಸರಾದ ಊರು. ಕನ್ನಡವೂ ತೆಲುಗೂ ಬೆರೆತ ಸೀಮೆ. ಅಲ್ಲಿಯ ಹಳ್ಳಿಗಳಲ್ಲಿ 2018ರಿಂದ ಒಂದು ಅಧ್ಯಯನ ನಡೆಯುತ್ತಿದೆ, ಹೆಸರು ಸ್ಯಾನ್ಸ್‌ಕಾಗ್. ನಲವತ್ತೈದು ದಾಟಿದ, ಇನ್ನೂ ಮರೆವಿನ ರೋಗ ಬಂದಿರದ ಹತ್ತು ಸಾವಿರ ಹಳ್ಳಿಗರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಅವರ ಬೆನ್ನು ಬಿಡದೆ ನೋಡುತ್ತಾ ಹೋಗುವುದು ಅದರ ಗುರಿ. ರಕ್ತ, ಬಿಪಿ, ಸಕ್ಕರೆ, ವಂಶವಾಹಿ, ನೆನಪಿನ ಪರೀಕ್ಷೆ, ಮೆದುಳಿನ ಎಂಆರ್‌ಐ ಚಿತ್ರ, ಎಲ್ಲವನ್ನೂ ಮತ್ತೆ ಮತ್ತೆ ತೆಗೆಯುತ್ತಾರೆ. ಮುಂದೆ ಇವರಲ್ಲಿ ಕೆಲವರಿಗೆ ರೋಗ ಬರುತ್ತದೆ, ಬಹಳ ಜನರಿಗೆ ಬರುವುದಿಲ್ಲ. ಬಂದವರಿಗೂ ಬಾರದವರಿಗೂ ಹತ್ತು ವರ್ಷ ಮೊದಲು ಏನು ವ್ಯತ್ಯಾಸವಿತ್ತು ಎಂಬ ಪ್ರಶ್ನೆಗೆ ಆಗ ಉತ್ತರ ಸಿಗುತ್ತದೆ. ರೋಗ ಬಂದ ಮೇಲೆ ನೋಡಿದರೆ ಈ ಉತ್ತರ ಸಿಗುವುದಿಲ್ಲ. ಮಳೆ ಬಂದು ಹೋದ ಮೇಲೆ ಮೋಡ ಯಾವ ಕಡೆಯಿಂದ ಬಂತೆಂದು ಹೇಗೆ ಹೇಳುತ್ತೀರಿ?

ಇದನ್ನು ನಡೆಸುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ. ಕಟ್ಟಿ ನಿಲ್ಲಿಸಿದ ಮೊದಲ ನಿರ್ದೇಶಕರು ವಿಜಯಲಕ್ಷ್ಮಿ ರವೀಂದ್ರನಾಥ್ ಎಂಬ ಹೆಣ್ಣುಮಗಳು, ದೇಶದ ಹೆಸರಾಂತ ನರವಿಜ್ಞಾನಿ. ಹೆಣ್ಣುಮಕ್ಕಳೇ, ಈ ಹೆಸರು ಬರೆದಿಟ್ಟುಕೊಳ್ಳಿ. ಹಣ ಬಂದದ್ದು ಬಹುಪಾಲು ಪ್ರತೀಕ್ಷಾ ಟ್ರಸ್ಟ್ ಎಂಬ ದತ್ತಿಯಿಂದ. ಇನ್ಫೋಸಿಸ್ ಕಟ್ಟಿದವರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಅವರ ಪತ್ನಿ ಸುಧಾ ಗೋಪಾಲಕೃಷ್ಣನ್ ಇದನ್ನು ನಡೆಸುತ್ತಾರೆ. 2014ರಲ್ಲಿ, ಹತ್ತು ವರ್ಷಗಳಲ್ಲಿ 225 ಕೋಟಿ ರೂಪಾಯಿ ಕೊಡುವುದಾಗಿ ಅವರು ಒಪ್ಪಿಕೊಂಡರು. ಕೇಂದ್ರದ ಹೊಸ ಕಟ್ಟಡ 2022ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ಬೆಂಗಳೂರು ನಗರದ ಹಿರಿಯರ ಮೇಲೆ ಇದೇ ಬಗೆಯ ಇನ್ನೊಂದು ಅಧ್ಯಯನಕ್ಕೆ ಟಾಟಾ ಟ್ರಸ್ಟ್‌ಗಳು ಹಣ ಕೊಟ್ಟವು. ವಿಜ್ಞಾನ ಸಂಸ್ಥೆಯೇ ದಾನದ ಕೂಸು ಎಂಬುದನ್ನು ಮರೆಯಬೇಡಿ. ಜೆಮ್‌ಷೆಟ್‌ಜಿ ಟಾಟಾ ತಮ್ಮ ಆಸ್ತಿಯ ಭಾಗ ಕೊಟ್ಟರು, ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು, 1909ರಲ್ಲಿ ಸಂಸ್ಥೆ ಹುಟ್ಟಿತು. ಅದು ಹುಟ್ಟುವ ಐದು ವರ್ಷ ಮೊದಲೇ ಟಾಟಾ ತೀರಿಹೋಗಿದ್ದರು.

ಇಲ್ಲಿ ನನ್ನದೊಂದು ಮಾತು. ಪತ್ರಿಕೆಗಳಲ್ಲಿ 225 ಕೋಟಿಯ ಸುದ್ದಿ ದಪ್ಪ ಅಕ್ಷರದಲ್ಲಿ ಬರುತ್ತದೆ, ಬರಲಿ. ಆದರೆ ಶ್ರೀನಿವಾಸಪುರದ ರೈತ ಹೆಂಗಸು ಒಂದು ದಿನದ ಕೂಲಿ ಬಿಟ್ಟು, ಕಾರಿನಲ್ಲಿ ನೂರು ಕಿಲೋಮೀಟರ್ ಬೆಂಗಳೂರಿಗೆ ಹೋಗಿ, ರಕ್ತ ಕೊಟ್ಟು, ಗುಡುಗುಡು ಸದ್ದು ಮಾಡುವ ಯಂತ್ರದೊಳಗೆ ಅಲುಗಾಡದೆ ಮಲಗಿ ಬರುತ್ತಾಳಲ್ಲ, ಅದೂ ದಾನವೇ. ಅವಳಿಗೆ ತನ್ನ ಬಿಪಿ ಸಕ್ಕರೆ ಎಷ್ಟಿದೆಯೆಂದು ಗೊತ್ತಾಗಬಹುದು. ಅದಕ್ಕಿಂತ ದೊಡ್ಡ ಫಲ ಅವಳ ಮೊಮ್ಮಗಳಿಗೆ, ಅಥವಾ ನಮ್ಮ ದುಂಡಸಿಯ ಯಾರದೋ ಮೊಮ್ಮಗಳಿಗೆ. ಆ ಹಣ ಮತ್ತು ಈ ಹೆಂಗಸು, ಎರಡರಲ್ಲಿ ಒಂದಿಲ್ಲದಿದ್ದರೂ ಕೆಲಸ ನಡೆಯುವುದಿಲ್ಲ.

ಹಳ್ಳಿಯವರ ಮೇಲೆಯೇ ಏಕೆ ಮಾಡಬೇಕು, ಅಮೆರಿಕದವರು ಕಂಡುಹಿಡಿದದ್ದು ಸಾಲದೇ ಎಂದು ನೀವು ಕೇಳಬಹುದು. ಸಾಲದು. ಮರೆವಿನ ಪರೀಕ್ಷೆಯಲ್ಲಿ ‘ಇಂದಿನ ತಾರೀಕು ಹೇಳು, ಗಡಿಯಾರ ಬರೆದು ತೋರಿಸು, ಒಂದು ವಾಕ್ಯ ಬರೆ’ ಎಂದೆಲ್ಲ ಕೇಳುತ್ತಾರೆ. ಶಾಲೆಯ ಮುಖ ನೋಡದ ನನ್ನ ಅಮ್ಮಾ ಚೆನ್ನಾಗಿದ್ದ ಕಾಲದಲ್ಲೂ ಅದರಲ್ಲಿ ನಪಾಸಾಗುತ್ತಿದ್ದರು. ಆದರೆ ಅಮಾವಾಸ್ಯೆ ಕಳೆದು ಎಷ್ಟು ದಿನ, ಯಾರ ಮನೆಗೆ ಎಷ್ಟು ಸೇರು ಜೋಳ ಕೊಡಬೇಕು, ಬಾಯಲ್ಲೇ ಹೇಳುತ್ತಿದ್ದರು. ಓದು ಬಾರದವರಿಗೆ, ಅವರ ಭಾಷೆಯಲ್ಲಿ, ಅವರ ಬದುಕಿಗೆ ಹೊಂದುವಂತೆ ಪರೀಕ್ಷೆ ಕಟ್ಟುವುದೇ ಒಂದು ಸಂಶೋಧನೆ. ಔಷಧಿಯ ಕಥೆಯೂ ಹಾಗೆಯೇ. ಲೆಕಾನೆಮ್ಯಾಬ್ ಎಂಬ ಔಷಧಿಗೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಅದು ರೋಗವನ್ನು ಗುಣ ಮಾಡುವುದಿಲ್ಲ, ಆರಂಭದ ಹಂತದಲ್ಲಿ ಸ್ವಲ್ಪ ನಿಧಾನ ಮಾಡುತ್ತದೆ, ಬೆಲೆ ಲಕ್ಷಗಳಲ್ಲಿ. ಅದನ್ನು ಪರೀಕ್ಷಿಸಿದ ಜನರಲ್ಲಿ ಬಹುಪಾಲು ಬಿಳಿಯರು. ಯಾರನ್ನು ನೋಡಿ ಲೆಕ್ಕ ಹಾಕಿದರೋ ಆ ಲೆಕ್ಕ ಅವರಿಗೆ ಹೊಂದುತ್ತದೆ, ನಮಗೂ ಹೊಂದುತ್ತದೆಯೋ ಎಂಬುದನ್ನು ನಮ್ಮವರನ್ನು ನೋಡಿಯೇ ಹೇಳಬೇಕು.

ನಮ್ಮವರನ್ನು ನೋಡಿದಾಗ ಏನೇನು ಸಿಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಈಗ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿರುವ ಸುವರ್ಣಾ ಅಲ್ಲಾಡಿ, ಮೊದಲು ಹೈದರಾಬಾದಿನಲ್ಲಿದ್ದಾಗ, ತಮ್ಮಲ್ಲಿಗೆ ಬಂದ 648 ಡಿಮೆನ್ಶಿಯಾ ರೋಗಿಗಳ ದಾಖಲೆ ನೋಡಿದರು. ಒಂದೇ ಭಾಷೆ ಆಡುವವರಿಗಿಂತ ಎರಡು ಭಾಷೆ ಆಡುವವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಓದು ಬರಹ ಇಲ್ಲದವರಲ್ಲೂ ಈ ವ್ಯತ್ಯಾಸ ಇತ್ತು. 2013ರಲ್ಲಿ ಇದು ಪ್ರಕಟವಾದಾಗ ಜಗತ್ತೇ ತಿರುಗಿ ನೋಡಿತು. ಬೇರೆ ದೇಶಗಳ ಕೆಲವು ಅಧ್ಯಯನಗಳು ಇದನ್ನು ಒಪ್ಪಿಲ್ಲ, ಆದ್ದರಿಂದ ಇದನ್ನು ಕೊನೆಯ ಮಾತು ಎನ್ನಬೇಡಿ. ನನಗೆ ಇದನ್ನು ಓದಿ ನೆನಪಾದದ್ದು ನಮ್ಮದೇ ಬೀದಿ. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಇದೇ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫ ಸಾಹೇಬರ ಕಾಲದಿಂದಲೂ ನಾವು ಹೀಗೇ ಇದ್ದೇವೆ. ‘ನಮ್ಮ ಮಕ್ಕಳಿಗೆ ಉರ್ದುವೂ ಸರಿಯಾಗಿ ಬರಲಿಲ್ಲ, ಕನ್ನಡವೂ ಬರಲಿಲ್ಲ’ ಎಂದು ಪ್ರತಿ ವರ್ಷ ಇದೇ ವೇದಿಕೆಯ ಮೇಲೆ ಬೈಸಿಕೊಳ್ಳುವ ವಿದ್ಯಾರ್ಥಿಗಳು ಇಂದು ಒಂದು ದಿನ ತಲೆಯೆತ್ತಿ ಕೂರಬಹುದು. ನನ್ನ ಅಮ್ಮಾನಿಗೆ ಎರಡು ಭಾಷೆ ಬರುತ್ತಿತ್ತು, ಆದರೂ ರೋಗ ಬಂತು. ಇನ್ನೂ ಬೇಗ ಬರಬೇಕಾದದ್ದು ತಡೆದು ಬಂತೋ ಏನೋ, ಯಾರು ಬಲ್ಲರು.

ಸಂಶೋಧನೆಗೆ ಹಣ ಅಂದಾಗ ಕಳೆದ ತಿಂಗಳು ಒಬ್ಬ ಹಿರಿಯರು ನನ್ನನ್ನು ನೇರವಾಗಿ ಕೇಳಿದರು: “ಮಾಸ್ತರ್, ಊರಾಗ ಡಯಾಲಿಸಿಸ್‌ಗೆ ರೊಕ್ಕಿಲ್ದ ಮಂದಿ ಅದಾರ. ಬೆಂಗಳೂರಿನ ದೊಡ್ಡ ಬಿಲ್ಡಿಂಗಿಗೆ ನಾವ್ ಯಾಕ ಕೊಡೂಣು?” ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಝಕಾತ್ ಬಡವರ ಹಕ್ಕು, ಅದಕ್ಕೆ ಎಂಟು ಬಾಬತ್ತುಗಳು ಗೊತ್ತುಪಡಿಸಿವೆ, ಅದನ್ನು ಮುಟ್ಟುವ ಮಾತನ್ನು ನಾನು ಆಡುತ್ತಿಲ್ಲ. ಹಸಿದವನಿಗೆ ಮೊದಲು ಅನ್ನ, ನೋವಿನಲ್ಲಿರುವವನಿಗೆ ಮೊದಲು ಔಷಧಿ. ನಾನು ಹೇಳುತ್ತಿರುವುದು ಅದರಾಚೆ ನಾವು ಸ್ವಂತ ಖುಷಿಯಿಂದ ಕೊಡುವ ಸದಕಾದ ಬಗ್ಗೆ. ಬಾವಿ ತೋಡಿಸುವುದು, ಶಾಲೆ ಕಟ್ಟಿಸುವುದು ಸದಕ ಜಾರಿಯಾ ಎಂದು ನಮಗೆ ಗೊತ್ತು, ಕೊಟ್ಟವನು ಹೋದ ಮೇಲೂ ನೀರು ಬರುತ್ತಲೇ ಇರುತ್ತದೆ. ಒಂದು ರೋಗದ ಕಾರಣ ಕಂಡುಹಿಡಿದರೆ ಅದು ಎಂಥ ಬಾವಿ!

ನಮ್ಮ ಹಿಂದಿನವರಿಗೆ ಇದು ಹೊಸದಾಗಿರಲಿಲ್ಲ. ಕೈರೋದಲ್ಲಿ ಸುಲ್ತಾನ ಕಲಾವೂನ್ 1284ರಲ್ಲಿ ಕಟ್ಟಿಸಿದ ಮನ್ಸೂರಿ ಆಸ್ಪತ್ರೆ ವಕ್ಫ್ ಆಸ್ತಿಯ ಆದಾಯದಿಂದ ನಡೆಯಿತು. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೇಗೆ ಹೋಗಿಬರುತ್ತದೆಂದು ಯುರೋಪಿಗಿಂತ ಮೊದಲೇ ಬರೆದ ಇಬ್ನ್ ಅನ್-ನಫೀಸ್, ತಮ್ಮ ಮನೆಯನ್ನೂ ಪುಸ್ತಕಗಳನ್ನೂ ಅದೇ ಆಸ್ಪತ್ರೆಗೆ ಬಿಟ್ಟುಹೋದರು. ನಮ್ಮ ದೇಶದಲ್ಲೇ ದೆಹಲಿಯ ಹಕೀಂ ಅಬ್ದುಲ್ ಹಮೀದ್ 1948ರಲ್ಲಿ ಹಮ್ದರ್ದ್ ಕಂಪನಿಯನ್ನು ವಕ್ಫ್ ಮಾಡಿದರು. ನಾವು ರಂಜಾನಿನಲ್ಲಿ ಕುಡಿದ ರೂಹ್ ಅಫ್ಜಾದ ಲಾಭದಲ್ಲಿ ವೈದ್ಯಕೀಯ ಸಂಶೋಧನೆಯ ಸಂಸ್ಥೆ ಎದ್ದಿತು, 1989ರಲ್ಲಿ ಜಾಮಿಯಾ ಹಮ್ದರ್ದ್ ವಿಶ್ವವಿದ್ಯಾಲಯವಾಯಿತು.

ಇನ್ನು ಸಣ್ಣ ಹಣದ ಮಾತು. ‘ಕೋಟಿ ಇದ್ದವರ ಕೆಲಸ, ನಮ್ಮ ಹತ್ತು ರೂಪಾಯಿಯಿಂದ ಏನಾದೀತು’ ಅನ್ನುವವರಿಗೆ ಪೋಲಿಯೋ ಕಥೆ ಹೇಳುತ್ತೇನೆ. ಪೋಲಿಯೋ ಕೂಡ ನರದ ರೋಗವೇ. ವೈರಸ್ಸು ಬೆನ್ನುಹುರಿಯ ನರಕೋಶಗಳನ್ನು ಕೊಲ್ಲುತ್ತದೆ, ಕಾಲು ಸೊರಗುತ್ತದೆ. ಸ್ವತಃ ಆ ರೋಗದಿಂದ ಕಾಲಿನ ಶಕ್ತಿ ಕಳೆದುಕೊಂಡಿದ್ದ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1938ರಲ್ಲಿ ಒಂದು ದತ್ತಿಸಂಸ್ಥೆ ಆರಂಭಿಸಿದರು. ಒಬ್ಬ ರೇಡಿಯೋ ಕಲಾವಿದರು ಜನರಿಗೆ, ‘ಒಂದೊಂದು ಡೈಮ್ ಅಧ್ಯಕ್ಷರ ಮನೆಗೆ ಅಂಚೆಯಲ್ಲಿ ಕಳಿಸಿ’ ಎಂದು ಕರೆ ಕೊಟ್ಟರು. ಡೈಮ್ ಅಂದರೆ ಹತ್ತು ಸೆಂಟಿನ ಬಿಲ್ಲೆ, ನಮ್ಮ ಹತ್ತು ಪೈಸೆ ಇದ್ದ ಹಾಗೆ. ಲಕ್ಷಗಟ್ಟಲೆ ಬಿಲ್ಲೆಗಳು ಬಂದು ಅಂಚೆಯವರಿಗೆ ಚೀಲ ಹೊರುವುದೇ ಕೆಲಸವಾಯಿತು. ಹೀಗೆ ವರ್ಷವರ್ಷ ಕೂಡಿದ ಹಣದಲ್ಲಿ ಜೋನಸ್ ಸಾಲ್ಕ್ ಲಸಿಕೆ ಮಾಡಿದರು. ಅದು ಕೆಲಸ ಮಾಡುತ್ತದೆಂದು 1955ರ ಏಪ್ರಿಲ್ 12ರಂದು ಪ್ರಕಟವಾಯಿತು. ಬಾಯಿಗೆ ಹನಿ ಹಾಕುವ ಲಸಿಕೆ ಮಾಡಿದ ಆಲ್ಬರ್ಟ್ ಸೇಬಿನ್‌ರಿಗೂ ಅದೇ ಸಂಸ್ಥೆಯ ಹಣ ಸಿಕ್ಕಿತ್ತು.

ಆ ಎರಡು ಹನಿ ನಮ್ಮ ಊರಿಗೂ ಬಂದವು. ಪೋಲಿಯೋ ಭಾನುವಾರ ನೆನಪಿದೆಯಲ್ಲವೇ? ‘ಇದರಲ್ಲಿ ಏನೋ ಬೆರೆಸಿದ್ದಾರೆ’ ಎಂದು ಗುಲ್ಲೆದ್ದಾಗ ಮಕ್ಕಳನ್ನು ಒಳಗೆ ಬಚ್ಚಿಟ್ಟ ಮನೆಗಳಿದ್ದವು. ಶಾಲೆಯ ಮಾಸ್ತರರೆಂದು ನಾವೂ ಬಾಗಿಲು ಬಾಗಿಲು ತಿರುಗಿದ್ದೇವೆ, ಬೈಸಿಕೊಂಡಿದ್ದೇವೆ. ಭಾರತದ ಕೊನೆಯ ಪ್ರಕರಣ ಸಿಕ್ಕಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ನನ್ನ ಜೊತೆ ಕಲಿತವರಲ್ಲಿ ಕೋಲು ಊರಿ ನಡೆಯುವವರಿದ್ದರು. ಇಲ್ಲಿ ಕೂತಿರುವ ಮಕ್ಕಳಲ್ಲಿ ಪೋಲಿಯೋದಿಂದ ಕುಂಟುವವರು ಒಬ್ಬರೂ ಇಲ್ಲ. ಹತ್ತು ಸೆಂಟು ಕಳಿಸಿದವರಿಗೆ ದುಂಡಸಿ ಎಂಬ ಊರು ಭೂಮಿಯ ಮೇಲೆ ಇದೆಯೆಂದು ಗೊತ್ತಿತ್ತೇ?

ಹಾಗೆಂದು ಕೇಳಿದವರಿಗೆಲ್ಲ ಕೊಡಿ ಎಂದು ನಾನು ಹೇಳುವುದಿಲ್ಲ. ರೋಗದ ಹೆಸರಿನಲ್ಲಿ ರಸೀದಿ ಪುಸ್ತಕ ಹಿಡಿದು ಬರುವವರೆಲ್ಲ ಸಂಶೋಧಕರಲ್ಲ. ಟ್ರಸ್ಟ್ ನೋಂದಣಿಯಾಗಿದೆಯೇ, ಲೆಕ್ಕ ಆಡಿಟ್ ಆಗಿದೆಯೇ, ಯಾವ ಸಂಸ್ಥೆಯ ಯಾವ ಕೆಲಸಕ್ಕೆ ಹಣ ಹೋಗುತ್ತದೆ, ಹಿಂದಿನ ಹಣದಿಂದ ಏನು ಪ್ರಕಟವಾಯಿತು, ಇಷ್ಟು ಕೇಳಿ. ಉತ್ತರ ಕೊಡದವರಿಗೆ ಚಹಾ ಕೊಟ್ಟು ಕಳಿಸಿ. ನಾಳೆ ನಮ್ಮ ಊರಿಗೇ ಯಾರಾದರೂ ಅಧ್ಯಯನಕ್ಕೆಂದು ರಕ್ತ ಕೇಳಲು ಬಂದರೆ, ಹೆದರಿ ಬಾಗಿಲು ಹಾಕುವುದೂ ಬೇಡ, ಓದದೆ ಹೆಬ್ಬೆಟ್ಟು ಒತ್ತುವುದೂ ಬೇಡ. ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಎಂದು ಕೇಳಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಓದಿಸಿಕೊಳ್ಳಿ. ಯಾವಾಗ ಬೇಕಾದರೂ ‘ನಾನು ಇನ್ನು ಬರುವುದಿಲ್ಲ’ ಅನ್ನುವ ಹಕ್ಕು ನಿಮಗಿದೆ. ಓದು ಬಾರದ ಹಿರಿಯರಿಗೆ ಇದನ್ನು ಓದಿ ಹೇಳುವ ಕೆಲಸ ಕಾಲೇಜಿಗೆ ಹೋಗುವ ನಿಮ್ಮದು.

ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳಿನ ಸಂಗ್ರಹಾಲಯ ಒಂದಿದೆ. ತೀರಿಹೋದವರ ಮೆದುಳನ್ನು ಮನೆಯವರು ಸಂಶೋಧನೆಗೆ ಕೊಡುತ್ತಾರೆ. ಈ ಬಗ್ಗೆ ನಮ್ಮ ಉಲೇಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಅದು ನನ್ನಂಥವನು ತೀರ್ಪು ಕೊಡುವ ವಿಷಯವಲ್ಲ. ಇಂಥದ್ದೊಂದು ಇದೆ ಎಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ನಮ್ಮ ಸಂಘಕ್ಕೆ ಸಂಬಂಧಪಟ್ಟ ಒಂದು ಸಂಗತಿ ಉಳಿದಿದೆ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಮಂಡಳಿ 2024ರಲ್ಲಿ ಒಂದು ವರದಿ ಕೊಟ್ಟಿತು. ಡಿಮೆನ್ಶಿಯಾಕ್ಕೆ ಕಾರಣವಾಗುವ, ಆದರೆ ನಾವು ಬದಲಿಸಬಹುದಾದ ಹದಿನಾಲ್ಕು ಅಂಶಗಳನ್ನು ಅದು ಪಟ್ಟಿ ಮಾಡಿದೆ. ಇವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಲೋ ಮುಂದೂಡಲೋ ಸಾಧ್ಯವಾಗಬಹುದಂತೆ. ಬಿಪಿ, ಸಕ್ಕರೆ, ಬೀಡಿ ಸಿಗರೇಟು, ಕಿವಿ ಕೇಳಿಸದಿರುವುದು, ಕಣ್ಣು ಕಾಣದಿರುವುದು, ಒಂಟಿತನ, ಹೊಗೆ ತುಂಬಿದ ಗಾಳಿ, ಹೀಗೆ. ಆ ಪಟ್ಟಿಯಲ್ಲಿ ವಯಸ್ಸಿನ ಕ್ರಮದಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ಯಾವುದು ಗೊತ್ತೇ? ಚಿಕ್ಕಂದಿನಲ್ಲಿ ಶಿಕ್ಷಣ ಸಿಗದಿರುವುದು. ನಾವು ಏಳನೇ ಇಯತ್ತೆಗೆ ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದ ಹುಡುಗಿಯ ಲೆಕ್ಕ ಅರವತ್ತು ವರ್ಷದ ನಂತರವೂ ಬಾಕಿ ಇರುತ್ತದೆ. ಸಂಘ ಹೆಣ್ಣುಮಕ್ಕಳಿಗೆ ಕೊಡುವ ಸ್ಕಾಲರ್‌ಶಿಪ್ಪನ್ನು ಖರ್ಚಿನ ಬಾಬತ್ತಿನಲ್ಲಿ ಬರೆಯುವ ಖಜಾಂಚಿ ಸಾಹೇಬರು ಇದನ್ನು ಸ್ವಲ್ಪ ಗಮನಿಸಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಝಕಾತ್ ನಿಧಿ, ಸ್ಕಾಲರ್‌ಶಿಪ್ ನಿಧಿ ಹಾಗೆಯೇ ಇರಲಿ. ಸದಕಾದ ಹಣದಲ್ಲಿ ವರ್ಷಕ್ಕೆ ಒಂದು ಸಣ್ಣ ಮೊತ್ತವನ್ನು ಸಂಶೋಧನೆಗೆಂದು ಬೇರೆ ಖಾತೆಯಲ್ಲಿ ಇಡೋಣ. ಎಲ್ಲಿಗೆ ಕೊಡಬೇಕೆಂದು ನಮ್ಮ ಡಾಕ್ಟರ್ ಸದಸ್ಯರನ್ನೂ ಸೇರಿಸಿ ಮೂವರು ಕೂತು ನೋಡಿ ಹೇಳಲಿ. ಅದರಲ್ಲಿ ಒಂದು ಪಾಲು, ನರವಿಜ್ಞಾನವೋ ಜೀವವಿಜ್ಞಾನವೋ ಓದಲು ಹೋಗುವ ನಮ್ಮ ಹೋಬಳಿಯ ಒಬ್ಬ ಹುಡುಗ ಅಥವಾ ಹುಡುಗಿಗೆ ಸಿಕ್ಕರೂ ಆಯಿತು. ಮತ ಹಾಕಿ ಬೇಡ ಎಂದರೂ ನನಗೆ ಬೇಸರವಿಲ್ಲ, ಮುಂದಿನ ವರ್ಷ ಮತ್ತೆ ಕೇಳುತ್ತೇನೆ.

ಮನೆಯಲ್ಲಿ ಹಿರಿಯರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರೆ, ಗೊತ್ತಿದ್ದ ದಾರಿ ತಪ್ಪಿದರೆ, ಹಣದ ಲೆಕ್ಕ ಎಡವಿದರೆ, ಟಾನಿಕ್ ಬರೆಸಿಕೊಂಡು ಬರಬೇಡಿ. ಥೈರಾಯ್ಡ್, ಬಿ12 ಕೊರತೆ, ಮನಸ್ಸಿನ ಖಿನ್ನತೆ, ಇವುಗಳಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ. ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಧಾರವಾಡದ ಡಿಮ್ಹಾನ್ಸ್ ಇದೆ, ಎರಡೂ ನಮಗೆ ದೂರವಲ್ಲ.

ಹೊರಗೆ ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಚಂದಾ ಪುಸ್ತಕವಲ್ಲ, ಹೆದರಬೇಡಿ. ನಲವತ್ತೈದು ದಾಟಿದವರು ಬಿಪಿ, ಸಕ್ಕರೆ, ಕಿವಿ, ಕಣ್ಣು ತೋರಿಸಿಕೊಳ್ಳಲು ಹೆಸರು ಬರೆಸಬೇಕು. ವಿದ್ಯಾರ್ಥಿಗಳು ತಮ್ಮ ದಾದಿ, ನಾನಿಯರ ಹೆಸರನ್ನು ತಾವೇ ಬರೆಯಬಹುದು. ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದಿದ್ದೇನೆ. ಎರಡನೆಯ ಸಾಲು ಖಾಲಿ ಇದೆ.